ಪೂರಾ ಕರ ಕಟ್ಟಿದ ಓಣಿ

ಹಿಂದಿನ ವಾರ ರೋಣದಲ್ಲಿ ನನ್ನ ಅಂಗಡಿಯ ಕರ ಕಟ್ಟಲು ಪಾಳಿಯಲ್ಲಿ ನಿಂತಿದ್ದೆ. ಅಂಗಡಿ ಎಂದರೆ ದೊಡ್ಡದೇನಲ್ಲ. ಒಂದು ಮೈಕು, ಒಂದು ಕಂಪ್ಯೂಟರು, ಗೋಡೆ ತುಂಬ ಅಂಟಿಸಿದ ಮೊಟ್ಟೆಯ ಟ್ರೇಗಳು. ಸೀರೆ ಅಂಗಡಿಯ ಉದ್ಘಾಟನೆ, ದನದ ಸಂತೆ, ಕಣ್ಣಿನ ತಪಾಸಣೆ, ಯಾರಿಗೆ ಏನು ಕೂಗಿಸಬೇಕಾದರೂ ನಾನು ದನಿ ಮುದ್ರಿಸಿ ಕೊಡುತ್ತೇನೆ. ಇಷ್ಟು ಸಣ್ಣ ಅಂಗಡಿಗೂ ಕರ ಇದೆಯೆಂದು ಗೊತ್ತಾದ ದಿನ ನನಗೂ ಎಲ್ಲರ ಹಾಗೆ ಸಿಟ್ಟು ಬಂದಿತ್ತು. ಹಿಂದೆ ನಿಂತಿದ್ದವರೊಬ್ಬರು, "ನಾವು ಇಲ್ಲಿ ಕಟ್ಟೂದು, ಅವರು ಅಲ್ಲಿ ಹಾರ ತುರಾಯಿ ಹಾಕ್ಕೊಳ್ಳೂದು" ಎಂದು ಗೊಣಗಿದರು. ಹೌದ್ರಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮಳೆ ಸುರಿಯಿತು. ಒಬ್ಬ ತಾಯಿ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಓಡಿ ಬಂದು ನನ್ನ ಪಕ್ಕದಲ್ಲೇ ನಿಂತಳು. ಕೌದಿ ಮೇಲೆಲ್ಲ ತೊಯ್ದಿತ್ತು. ಹಳೆಯ ಸೀರೆ, ಹಳೆಯ ಧೋತರ, ಅದರೊಳಗೆ ಕೂತಿರುವ ಹಲವು ವರ್ಷಗಳ ನಿದ್ದೆ, ಇವೆಲ್ಲ ನೀರು ಕುಡಿದಾಗ ಏಳುವ ಒಂದು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದ ಕೂಡಲೆ ನಾನು ಹೌದ್ರಿ ಎನ್ನುವುದನ್ನು ಬಿಟ್ಟು ಕೌದಿಯನ್ನೇ ನೋಡಿದೆ. ಒಂದು ಮಳೆಗಾಲದಲ್ಲಿ ಆ ವಾಸನೆ ಒಂದು ಮನೆ ತುಂಬಿಕೊಳ್ಳಲು ನಾನೇ ಕಾರಣನಾಗಿದ್ದೆ.

ಆಗ ನಾನು ಡಿಗ್ರಿ ಮುಗಿಸಿ ಊರಲ್ಲಿ ಬಿದ್ದುಕೊಂಡಿದ್ದೆ. ಊರಿನ ಹೆಸರು ಬೇಡ. ಜಕ್ಕಲಿ, ಬೆಳವಣಕಿ, ರಾಜೂರಿನವರು ಯಾರೂ ಗಾಬರಿಯಾಗಬೇಕಾಗಿಲ್ಲ, ಅವರದಲ್ಲ. "ಮೂರು ವರ್ಷ ಏನ ಕಲತೀಪಾ" ಎಂದು ಅಪ್ಪ ಕೇಳಿದಾಗ ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ ಉತ್ತರ ಕೊಟ್ಟು ಏಟು ತಿಂದವನು ನಾನು. ಬಸ್ ಕಂಡಕ್ಟರು, ಡೇರಿಯ ಕಾರ್ಯದರ್ಶಿ, ಟಗರು, ಏರಿನಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರು, ಯಾವುದು ಕೇಳಿದರೂ ಆಗುತ್ತಿತ್ತು. ಹೆಸರು ಈರಣ್ಣ, ಊರಲ್ಲಿ ಟೇಪ್ ಈರ್‍ಯಾ. ಎಲ್ಲರ ದನಿಯೂ ಬರುತ್ತಿದ್ದ ನನಗೆ ದೇವರು ಕೊಟ್ಟ ಸ್ವಂತ ದನಿ ಮಾತ್ರ ಕಾಲಡಿ ಸಿಕ್ಕ ಬೆಕ್ಕಿನ ಮರಿಯದು. ಆದ್ದರಿಂದ ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ಮೃಗಶಿರ ಮಳೆ ಬಿದ್ದು ಹೆಸರುಕಾಳು ಬಿತ್ತಿದ ವಾರ ಪಂಚಾಯ್ತಿಯ ಪಿಡಿಓ ಸಾಹೇಬರು ನನ್ನನ್ನು ಕರೆಸಿದರು. ನರಗುಂದದಿಂದ ದಿನಾ ಬೈಕಿನ ಮೇಲೆ ಬರುತ್ತಿದ್ದ ತೆಳ್ಳನೆಯ ಮನುಷ್ಯ. ಬರುವಷ್ಟರಲ್ಲಿ ಎರಿ ಹೊಲದ ಗಾಳಿಯ ದೂಳೆಲ್ಲ ಹುಬ್ಬಿನ ಮೇಲೆ ಕೂತು ವಯಸ್ಸು ಹತ್ತು ವರ್ಷ ಹೆಚ್ಚಾಗಿರುತ್ತಿತ್ತು. ಮಾತಿಗೆ ಮೊದಲು ಒಂದು ಕೆಮ್ಮು, ಆಮೇಲೆ "ಏನಪಾ ಅಂದ್ರ" ಎಂಬ ಮುನ್ನುಡಿ.

"ಏನಪಾ ಅಂದ್ರ, ಈರಣ್ಣ, ಊರಾಗ ಯಾರೂ ಮನಿ ಕರಾ ಕಟ್ಟವಲ್ಲರು. ನೀ ಒಂದು ಪ್ರಚಾರ ಮಾಡಿಕೊಡು. ಟಂಟಂ ಗಾಡಿ ಮ್ಯಾಲ ಭೋಂಗಾ ಕಟ್ಟಿ ಊರೆಲ್ಲಾ ತಿರಗಸ್ತೀವಿ."

ಕೈಗೆ ಕೊಟ್ಟ ಕಾಗದದಲ್ಲಿ ಕಲಮು, ಉಪಕಲಮು, ದಂಡ, ಬಡ್ಡಿ ಎಲ್ಲ ಇದ್ದವು. ಓದಿದರೆ ಕಟ್ಟುವವರೂ ಎದ್ದು ಹೋಗುವಂತಿತ್ತು. ನಾನು ಮನೆಗೆ ಬಂದು ಕೌದಿ ಹೊದ್ದುಕೊಂಡು, ಅದರೊಳಗೆ ಮೊಬೈಲು ಹಿಡಿದು, ಸಾಹೇಬರ ದನಿಯಲ್ಲೇ ಮುದ್ರಿಸಿದೆ. ಕೆಮ್ಮನ್ನೂ ಬಿಡಲಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕೊನೆಗೆ ಒಂದು ಸಾಲು ನನ್ನದೇ ಸೇರಿಸಿದೆ: "ಏನಪಾ ಅಂದ್ರ, ಯಾವ ಓಣಿ ಪೂರಾ ಕರಾ ಕಟ್ಟತೈತಿ, ಆ ಓಣಿಗೆ ಮೊದಲ ಗಟಾರ."

ಮರುದಿನ ಸಾಹೇಬರು ತಮ್ಮ ದನಿಯನ್ನು ತಾವೇ ಮೂರುಗಾಲಿಯ ಟಂಟಂ ಮೇಲೆ ಕಟ್ಟಿದ ಭೋಂಗಾದಲ್ಲಿ, ಅಂದರೆ ಲೌಡ್‌ಸ್ಪೀಕರಿನಲ್ಲಿ, ಕೇಳಿ ನಕ್ಕುಬಿಟ್ಟರು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಇದನ್ನ ನಾ ಯಾವಾಗ ಅಂದೆನೋ?"

"ತಗೀಲೇನ್ರಿ ಸರ?"

ಅವರು ಕಿಟಕಿಯಾಚೆ ನೋಡಿದರು. ಅಷ್ಟರಲ್ಲೇ ಇಬ್ಬರು ಕರ ಕಟ್ಟಿ ಪಾವತಿ ಹರಿಸಲು ಬಂದು ಕಟ್ಟೆಯ ಮೇಲೆ ಕೂತಿದ್ದರು. "ಇರ್‍ಲಿ ಬಿಡು" ಎಂದರು. "ಕಟ್ಟಿದ್ರ ಮಾಡೂಣು."

ಕರ ಎಂದರೆ ನಮ್ಮೂರಲ್ಲಿ ಏನು ಎಂಬುದು ಚಹಾದಂಗಡಿಯಲ್ಲಿ ಕೂತವರಿಗೆ ಗೊತ್ತು. ಟಂಟಂ ಹಾದುಹೋದ ಕೂಡಲೆ ಚಂದ್ರಪ್ಪ ಕಾಕಾ ಬೀಡಿ ಹೊತ್ತಿಸಿ ಶುರು ಮಾಡುತ್ತಿದ್ದ. "ಇದರಾಗ ಕರಾ ಐತಿ. ಕಡ್ಡಿಪೆಟ್ಟಿಗ್ಯಾಗ ಐತಿ. ಗಾಡಿಗೆ ಎಣ್ಣಿ ಹಾಕಿದ್ರ ಅದರಾಗ ಐತಿ. ಮೊಬೈಲಿಗೆ ರೊಕ್ಕ ತುಂಬಿದ್ರ ಅದರಾಗೂ ಐತಿ. ದಿನಕ್ಕ ಎರಡು ಕಟ್ಟು ಸೇದತೀನಲೇ, ಅರ್ಧಾ ದಿಲ್ಲಿ ನಾನ ನಡಸಾಕತ್ತೇನಿ. ನನಗ ಕುಂದ್ರಾಕ ಮಾತ್ರ ಈ ಮುರುಕು ಬಾಕು."

"ಕಾಕಾ, ನೀ ಬೀಡಿ ಬಿಟ್ರ ದೇಶ ನಿಂದ್ರತೈತಿ" ಎಂದು ನಾನು ಟಿವಿಯವನ ದನಿಯಲ್ಲಿ ಸುದ್ದಿ ಓದುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಗುತ್ತಲೇ, ಈ ಸಲವೂ ಕಟ್ಟುವುದು ಬೇಡವೆಂದು ಠರಾಯಿಸಿ ಏಳುತ್ತಿದ್ದರು. ಅವರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಕಟ್ಟಿದ ರೊಕ್ಕ ಎಲ್ಲಿ ಹೋಯಿತೆಂದು ನೋಡಿದವರು ಯಾರೂ ಇರಲಿಲ್ಲ.

ಕೆಳಗಿನ ಓಣಿಯ ಹುಸೇನಬಿ ದೊಡ್ಡವ್ವ ಮಾತ್ರ ಆ ಸಾಲನ್ನು ನಿಂತು ಕೇಳಿದಳು. ಕೌದಿ ಹೊಲಿಯುವ ಕೈ ಅವಳದು. ಬಾಣಂತಿಯ ಕೌದಿ, ಮದುವೆಯ ಕೌದಿ ಎಂದು ಗಜೇಂದ್ರಗಡದಿಂದಲೂ ಜನ ಹಳೆ ಸೀರೆಗಳ ಗಂಟು ತಂದು ಕೊಟ್ಟು ಹೋಗುತ್ತಿದ್ದರು. ಅವಳ ಮನೆ ಓಣಿಯ ತಗ್ಗಿನ ತುದಿಗಿತ್ತು. ಗಟಾರವಿಲ್ಲದ ಓಣಿ, ದೊಡ್ಡ ಮಳೆಯಾದರೆ ಮೇಲಿನವರ ಬಚ್ಚಲ ನೀರು, ಮಳೆಯ ನೀರು ಒಂದಾಗಿ ನೇರ ಅವಳ ಪಡಸಾಲೆಗೆ. ಆ ವರ್ಷ ಹೊಸ್ತಿಲ ಮುಂದೆ ಎತ್ತರದ ಕಟ್ಟೆ ಕಟ್ಟಿಸಬೇಕೆಂದು ಅವಳು ರೊಕ್ಕ ಕೂಡಿಟ್ಟು ಗೌಂಡಿಗೆ ಹೇಳಿಯೂ ಆಗಿತ್ತು.

ಒಂದು ಸಂಜೆ ಟಂಟಂಗೆ ಅಡ್ಡ ನಿಂತು, ಅದರಲ್ಲಿ ಕೂತು ತಿರುಗುತ್ತಿದ್ದ ನನ್ನನ್ನು ಕೆಳಗಿಳಿಸಿದಳು.

"ಈರ್‍ಯಾ, ಇದು ನಿನ್ನ ಆಟ ಅಲ್ಲ ಹೌದಲ್ಲೋ? ಸಾಹೇಬ್ರ ಅಂದದ್ದು ಖರೇನ?"

ಟಂಟಂ ನಡೆಸುವವನು ನನ್ನನ್ನೇ ನೋಡುತ್ತಿದ್ದ. ಆಟವೆಂದರೆ ದಿನದ ಪಗಾರ ಹೋಗುತ್ತದೆ, ಮರ್ಯಾದೆ ಮೊದಲೇ ಇರಲಿಲ್ಲ. "ಖರೇ ಐತಿ ದೊಡ್ಡವ್ವಾ. ಸಾಹೇಬರ ದನೀನ ಅದು" ಎಂದೆ. ಆ ವರ್ಷ ಅಲ್ಲಿಯವರೆಗೆ ನನ್ನ ಸ್ವಂತ ದನಿಯಲ್ಲಿ ಆಡಿದ ಮಾತು ಅದೊಂದೇ ಇರಬೇಕು, ಅದೂ ಸುಳ್ಳು.

ಅವಳು ಗೌಂಡಿಗೆ ಬರಬೇಡವೆಂದಳು. "ಗಟಾರನ ಬರ್‍ತೈತಿ ಅಂದ ಮ್ಯಾಲ ಕಟ್ಟಿ ಯಾಕಪಾ?" ಕಟ್ಟೆಯ ರೊಕ್ಕದಲ್ಲಿ ಮೂರು ವರ್ಷದ ಬಾಕಿ ಕರ ಒಮ್ಮೆಲೇ ಕಟ್ಟಿದಳು. ಪೂರಾ ಓಣಿ ಎಂದಿತ್ತಲ್ಲ, ಅದಕ್ಕೆ ಸೆರಗು ಬಿಗಿದುಕೊಂಡು ಮನೆಮನೆ ತಿರುಗಿದಳು. ಕೊಡುವುದಿಲ್ಲ ಎಂದವರ ಮನೆಯಲ್ಲಿ ಹೊಲಿಗೆ ತೆಗೆದುಕೊಂಡು ಹೋಗಿ ಕೂತಳು, ಸಂಜೆಯಾದರೂ ಏಳಲಿಲ್ಲ. ತನ್ನ ಮನೆಗಿಂತ ಮೂರು ಮನೆ ಮೇಲಿದ್ದ ಗಂಗವ್ವನ ಬಳಿ ಪೂರ್ತಿ ಇರಲಿಲ್ಲವೆಂದು ಕಮ್ಮಿ ಬಿದ್ದದ್ದನ್ನು ತಾನೇ ಹಾಕಿದಳು. ಪುಷ್ಯ ಮಳೆಯ ಹೊತ್ತಿಗೆ ಕೆಳಗಿನ ಓಣಿ ಬಾಕಿಯಿಲ್ಲದ ಓಣಿಯಾಯಿತು. ಪಂಚಾಯ್ತಿಯ ಇತಿಹಾಸದಲ್ಲೇ ಇಲ್ಲದ್ದು ಎಂದು ಸಾಹೇಬರು ನನಗೆ ಚಹಾ ಕುಡಿಸಿದರು. ನಾನೂ ಕುಡಿದೆ.

ಮಘಾ ಮಳೆಯಲ್ಲಿ ಊರಿಗೆ ಸಿಮೆಂಟು ಬಂತು. ಹುಸೇನಬಿ ದೊಡ್ಡವ್ವ ಓಣಿಯ ತುದಿಗೆ ಬಂದು ಲಾರಿಯನ್ನು ನೋಡಿದಳು. ಲಾರಿ ಓಣಿಗೆ ತಿರುಗದೆ ಊರ ಬಾಗಿಲಿಗೆ ಹೋಯಿತು. ಅಲ್ಲಿ ಹದಿನೈದು ದಿನದಲ್ಲಿ ಒಂದು ಸ್ವಾಗತ ಕಮಾನು ಎದ್ದಿತು. ಎರಡೂ ಕಡೆ ಒಂದೊಂದು ಸಿಮೆಂಟಿನ ಆನೆ. ಶಿಲ್ಪಿಯ ಕೈ ಹೇಗಿತ್ತೋ ಏನೋ, ಎರಡೂ ಆನೆಗಳ ಮುಖ ಚಂದ್ರಪ್ಪ ಕಾಕಾನದೇ ಎಂದು ನಾನು ಊರೆಲ್ಲ ಹೇಳಿ ಬಂದೆ. ಹುಸೇನಬಿ ದೊಡ್ಡವ್ವ ಮಾತ್ರ ನಗಲಿಲ್ಲ. ಅವಳ ಓಣಿಯವರು ಅವಳನ್ನು ಕೇಳಲು ಶುರು ಮಾಡಿದ್ದರು. "ಎಲ್ಲೈತಿ ಬೀ ನಿನ್ನ ಗಟಾರ? ಆನಿ ಹೊಟ್ಟ್ಯಾಗ ಐತೇನು?"

ಉತ್ತರಿ ಮಳೆ ಒಂದು ಮಧ್ಯಾಹ್ನ ಬಂತು. ಹೆಸರು ಬಿಡಿಸಿ ಮುಗಿದು, ಜೋಳ ಬಿತ್ತಲು ಹದ ಕಾಯುತ್ತಿದ್ದ ದಿನಗಳು. ಒಂದು ತಾಸು ಬಿಡದೆ ಹೊಡೆಯಿತು. ನಾವು ಓಡುವಷ್ಟರಲ್ಲಿ ಅವಳ ಪಡಸಾಲೆಯಲ್ಲಿ ಮೊಣಕಾಲ ಕೆಳಗಿನವರೆಗೆ ಕಂದು ನೀರು. ಹೊಲಿದು ಮಡಿಚಿಟ್ಟಿದ್ದ ಮದುವೆಯ ಕೌದಿಗಳು, ಇನ್ನೂ ಬಿಚ್ಚದ ಗಂಟುಗಳು ಎಲ್ಲ ತೇಲುತ್ತಿದ್ದವು. ಜನ ತಾವು ಉಟ್ಟ, ತಮ್ಮ ತಾಯಂದಿರು ಉಟ್ಟ ಸೀರೆಗಳನ್ನು ಕೊಟ್ಟಿದ್ದರು. ತಿರುಗಿ ಕೊಳ್ಳುವ ವಸ್ತು ಅದಲ್ಲ. ನಾನೂ ವಾಟರ್‌ಮನ್ ಫಕೀರಪ್ಪನೂ ಹೊತ್ತು ಹೊತ್ತು ಹೊರಗೆ ಹಾಕಿದೆವು. ನೀರು ಕುಡಿದ ಕೌದಿ ಹೆಣದಷ್ಟು ಭಾರ. ಮುಂದೆ ಎಂಟು ದಿನ ಬಿಸಿಲು ಸರಿಯಾಗಿ ಬೀಳಲಿಲ್ಲ. ಓಣಿಯ ಕಂಪೌಂಡು, ಎತ್ತಿನ ಗಾಡಿ, ಬೇವಿನ ಟೊಂಗೆ, ಎಲ್ಲಿ ನೋಡಿದರೂ ಕೌದಿ, ಎಲ್ಲಿ ಹೋದರೂ ಆ ವಾಸನೆ. ಅವಳು ನನ್ನನ್ನು ಬೈಯಲಿಲ್ಲ. "ಸಾಹೇಬ್ರ ಅಂಥಾ ಮಾತು ಆಡಬಾರದಾಗಿತ್ತು" ಎಂದಳು. ಬೈದಿದ್ದರೆ ಚಲೋ ಇತ್ತು.

ಅದೇ ತಿಂಗಳು ಗ್ರಾಮಸಭೆ. ಶಾಲೆಯ ಪಡಸಾಲೆಯಲ್ಲಿ ಎಂದೂ ಹತ್ತು ಜನ ಸೇರದ ಸಭೆಗೆ ಕೆಳಗಿನ ಓಣಿ ಪೂರಾ ಬಂದು ಕೂತಿತು. ಹುಸೇನಬಿ ದೊಡ್ಡವ್ವ ಎದ್ದು ಕೇಳಿದಳು. "ಸಾಹೇಬ್ರ, ಪೂರಾ ಓಣಿ ಕಟ್ಟೇತಿ. ಗಟಾರ ಎಲ್ಲಿ?"

"ಅವ್ವಾರ, ನಾ ಹಂಗ ಮಾತು ಕೊಟ್ಟಿದ್ದಿಲ್ಲರಿ" ಎಂದರು ಸಾಹೇಬರು.

ಇಷ್ಟೇ ಸಾಕಾಯಿತು. ಓಣಿಯ ಹೆಂಗಸರೆಲ್ಲ ಒಟ್ಟಿಗೆ ಒಂದು ಸಲ ಕೆಮ್ಮಿದರು. ಆಮೇಲೆ ಒಂದೇ ದನಿಯಲ್ಲಿ, "ಏನಪಾ ಅಂದ್ರ, ಯಾವ ಓಣಿ ಪೂರಾ ಕರಾ ಕಟ್ಟತೈತಿ, ಆ ಓಣಿಗೆ ಮೊದಲ ಗಟಾರ" ಎಂದರು. ತಿಂಗಳುಗಟ್ಟಲೆ ದಿನಕ್ಕೆ ನಾಲ್ಕು ಸಲ ಕೇಳಿದ್ದು. ಸಣ್ಣ ಮಕ್ಕಳಿಗೂ ಬಾಯಿಪಾಠವಾಗಿತ್ತು. ನನಗಿಂತ ಚಲೋ ಅಂದರು ಎಂದು ಒಪ್ಪಿಕೊಳ್ಳಲೇಬೇಕು. ಸಭೆಯೆಲ್ಲ ನಕ್ಕಿತು. ಸಾಹೇಬರ ಮುಖ ಮಾತ್ರ ಸಣ್ಣದಾಯಿತು. ಅವರು ನನ್ನ ಕಡೆ ನೋಡಲೂ ಇಲ್ಲ. ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು, ತೋರಿಸಲಿಲ್ಲ.

ಕಂಬದ ಹಿಂದೆ ಕೂತಿದ್ದ ನಾನು ಎದ್ದು ನಿಂತೆ. "ಆ ಸಾಲು ಸಾಹೇಬರದಲ್ಲ. ನಂದು. ದನೀನೂ ನಂದ. ಆವತ್ತ ದೊಡ್ಡವ್ವಗ ಸುಳ್ಳ ಹೇಳೀನಿ" ಎಂದೆ. ಬೆಕ್ಕಿನ ಮರಿ ಹಾಗೆ ಕೂಗಿದ್ದು ಕೇಳಿ ಹಿಂದಿನವರು ಮತ್ತೂ ನಕ್ಕರು.

ಹುಸೇನಬಿ ದೊಡ್ಡವ್ವ ನನ್ನನ್ನು ನೋಡಿದಳು. ಆಮೇಲೆ ಸೊಂಟದ ಚೀಲದಿಂದ ಕರ ಕಟ್ಟಿದ ಪಾವತಿ ತೆಗೆದು ಬಿಡಿಸಿದಳು. ಅದರ ಅಂಚು ನೀರಿನಲ್ಲಿ ನೆನೆದು ಹಳದಿಯಾಗಿತ್ತು, ಮೊಹರು ಮಾತ್ರ ಅಳಿಸಿರಲಿಲ್ಲ.

"ನಗಬ್ಯಾಡ್ರಿ. ದನಿ ಯಾರದರ ಇರಲಿ. ಇದರ ಮ್ಯಾಲಿನ ಸಿಕ್ಕಾ ಯಾರದು ಸಾಹೇಬ್ರ?"

"ಪಂಚಾಯ್ತಿದರಿ."

"ಹಂಗಾದ್ರ ನನ್ನ ರೊಕ್ಕ ಎಲ್ಲಿ ಹೋತು ಹೇಳ್ರಿ. ಆನೀಗೆ ಹೋತೇನು?"

ಸಾಹೇಬರು ಎದ್ದು ನಿಂತರು. ಈ ಸಲ ಕೆಮ್ಮಲಿಲ್ಲ. "ಆನಿ ರೊಕ್ಕ ಮ್ಯಾಲಿಂದ ಬಂದದ್ದರಿ. ಕಮಾನು ಅಂತ ಹೆಸರು ಬರದ ಕಳಿಸಿರತಾರ. ಅದರಾಗ ಗಟಾರದ ಒಂದು ಬುಟ್ಟಿ ಮಣ್ಣು ತಗಸಿದ್ರೂ ನನಗ ನೋಟೀಸು. ಬ್ಯಾಡ ಅಂದ್ರ ರೊಕ್ಕ ಬ್ಯಾರೆ ಊರಿಗೆ. ನಿಮ್ಮ ಕರದ ರೊಕ್ಕ ನೀರಿನ ಮೋಟರಿನ ಲೈಟ್ ಬಿಲ್ಲಿಗೆ ಹೋತು. ಉಳಿದದ್ದು..." ಎಂದು ಫಕೀರಪ್ಪನ ಕಡೆ ನೋಡಿ ನಿಲ್ಲಿಸಿದರು.

ಫಕೀರಪ್ಪ ಬಾಗಿಲ ಹತ್ತಿರ ವಾಲ್ವ್ ತಿರುಗಿಸುವ ಕಬ್ಬಿಣದ ಸಳಿ ಹಿಡಿದು ನಿಂತಿದ್ದ. ದಿನಾ ಬೆಳಗ್ಗೆ ಕೆಳಗಿನ ಓಣಿಗೆ ನೀರು ಬಿಟ್ಟು, ಹುಸೇನಬಿ ದೊಡ್ಡವ್ವನ ಮನೆಯಲ್ಲೇ ಚಹಾ ಕುಡಿಯುವವನು.

"ನಿನಗ ಮುಟ್ಟೇತೇನಪಾ?" ಎಂದು ಅವಳು ಕೇಳಿದಳು.

"ಮುಟ್ಟೇತಿ ಅಕ್ಕಾ. ಐದು ತಿಂಗಳ ಪಗಾರ ನಿಂತಿತ್ತು. ಮೂರು ತಿಂಗಳದ್ದು ಕೊಟ್ಟಾರ."

"ಐದು ತಿಂಗಳಾ? ದಿನಾ ಚಾ ಕುಡ್ಯಾಕ ಬರ್‍ತಿದ್ದೆಲ್ಲೋ. ಒಂದಿನಾನೂ ಹೇಳಲಿಲ್ಲ."

"ಏನಂತ ಹೇಳಲಿ ಅಕ್ಕಾ. ನೀರಂತೂ ಬಿಡಬೇಕಾಗಿತ್ತು."

ನಮ್ಮೂರಲ್ಲಿ ಕರದ ರೊಕ್ಕ ಒಬ್ಬ ಮನುಷ್ಯನ ಕೈ ಮುಟ್ಟಿದ್ದನ್ನು ಜನ ಕಣ್ಣಾರೆ ನೋಡಿದ್ದು ಅದೇ ಮೊದಲು. ಹುಸೇನಬಿ ದೊಡ್ಡವ್ವ ಪಾವತಿಯನ್ನು ಮಡಿಚಿ ಚೀಲಕ್ಕೆ ಹಾಕಿದಳು.

"ಫಕೀರಪ್ಪಗ ಕೊಟ್ಟದ್ದಕ್ಕ ನಂದೇನೂ ತಕರಾರಿಲ್ಲ. ಆದರ ಅದು ನನಗ ಮನ್ಯಾಗ ನೀರು ಹೊಕ್ಕ ಮ್ಯಾಲ ಗೊತ್ತಾತಲ್ರಿ. ರೊಕ್ಕ ಕೇಳೂಮುಂದ ಭೋಂಗಾದಾಗ ಕೇಳಿದ್ರಿ. ಏನು ಮಾಡಿದ್ರಿ ಅನ್ನೂದನ್ನೂ ಭೋಂಗಾದಾಗ ಹೇಳ್ರಿ. ತಿಂಗಳಾ ತಿಂಗಳಾ. ಈ ಹುಡುಗನ ಓದಲಿ. ತನ್ನ ದನಿಲೆ."

ಠರಾವು ಪುಸ್ತಕದಲ್ಲಿ ಸಾಹೇಬರು ಅದನ್ನು ಹಾಗೆಯೇ ಬರೆದುಕೊಂಡರು. "ತನ್ನ ದನಿಯಲ್ಲಿ" ಎಂಬುದನ್ನೂ ಬಿಡಲಿಲ್ಲ. ಅದು ಅವರ ಸೇಡು ಎಂದು ನನಗೆ ಇಂದಿಗೂ ಅನುಮಾನ.

ಮುಂದಿನ ತಿಂಗಳಿಂದ ಟಂಟಂ ಮತ್ತೆ ತಿರುಗಿತು. ಮೋಟರಿನ ಬಿಲ್ಲು, ಬೀದಿ ದೀಪ, ಫಕೀರಪ್ಪನ ಪಗಾರ, ಪೈಪಿನ ಜೋಡಣೆ, ಮೇಲಿನ ಸಾಹೇಬರುಗಳು ಬಂದಾಗಿನ ಶಾಲು, ಹಾರ, ಫಳಾರ. ಶಾಲಿನ ಸಾಲು ಬಂದಾಗ ಚಹಾದಂಗಡಿಯವರು ಹೊರಗೆ ಬಂದು ನಿಲ್ಲುತ್ತಿದ್ದರು. "ನನ್ನ ಬೀಡಿ ಯಾರ ಹೆಗಲ ಮ್ಯಾಲ ಕುಂತೈತಿ ನೋಡ್ರಿ" ಎಂದು ಚಂದ್ರಪ್ಪ ಕಾಕಾ ಕೂಗುತ್ತಿದ್ದ. ಎರಡನೇ ತಿಂಗಳು ಶಾಲಿನ ಸಾಲೇ ಇರಲಿಲ್ಲ. ಬಂದ ದೊಡ್ಡವರಿಗೆ ಸಾಹೇಬರು ಬರಿಗೈ ಮುಗಿದು, "ಭೋಂಗಾದಾಗ ಓದತಾರ್ರಿ" ಎಂದು ಹೇಳಿದ್ದರಂತೆ. ಮಕ್ಕಳು ನನ್ನ ಕೀರಲು ದನಿಯನ್ನು ಅಣಕಿಸುತ್ತ ಗಾಡಿಯ ಹಿಂದೆ ಓಡುತ್ತಿದ್ದವು. ಬದುಕಿನಲ್ಲಿ ಮೊದಲ ಸಲ ನನ್ನನ್ನು ಯಾರೋ ಮಿಮಿಕ್ರಿ ಮಾಡಿದರು. ಚಲೋ ಅನಿಸಲಿಲ್ಲ, ಊರವರು ನನ್ನನ್ನು ಹೇಗೆ ತಾಳಿಕೊಂಡರೋ ಅಂದುಕೊಂಡೆ.

ಪಟ್ಟಿಯ ಕೊನೆಯ ಸಾಲನ್ನು ಸಾಹೇಬರು ತಾವೇ ಕೈಯಿಂದ ಬರೆದುಕೊಡುತ್ತಿದ್ದರು. "ಕೆಳಗಿನ ಓಣಿ ಗಟಾರ. ಇನ್ನೂ ಆಗಿಲ್ಲ." ತಿಂಗಳಾ ತಿಂಗಳಾ ಅದನ್ನು ಓದಬೇಕು. ಓದುವಾಗ ಹುಸೇನಬಿ ದೊಡ್ಡವ್ವ ಬಾಗಿಲಲ್ಲಿ ಸೂಜಿ ನಿಲ್ಲಿಸಿ ಕೇಳುತ್ತಿದ್ದಳು. ಕೇಳಿ, ಸರಿ ಎನ್ನುವಂತೆ ತಲೆಯಾಡಿಸಿ ಮತ್ತೆ ಹೊಲಿಗೆಗೆ ಕೂರುತ್ತಿದ್ದಳು. ಆಗಿಲ್ಲ ಎಂಬುದನ್ನು ಅಷ್ಟು ನೆಮ್ಮದಿಯಿಂದ ಕೇಳಿಸಿಕೊಂಡವರನ್ನು ನಾನು ನೋಡಿಲ್ಲ. ಹಸ್ತ ಮಳೆಗೆ ಫಕೀರಪ್ಪನೂ ನಾನೂ ಅವಳ ಹೊಸ್ತಿಲಿಗೆ ಉಸುಕಿನ ಚೀಲ ಒಟ್ಟಿದೆವು. ನೀರು ಅರ್ಧ ತಡೆಯಿತು, ಅರ್ಧ ಒಳಗೆ ಹೋಯಿತು.

ಸಾಹೇಬರು ರೋಣಕ್ಕೆ, ಗದಗಕ್ಕೆ ಓಡಾಡಿ ಗಟಾರಕ್ಕೆ ಮಂಜೂರಾತಿ ತಂದರು. ತಂದ ವಾರವೇ ಅವರಿಗೆ ವರ್ಗವಾಯಿತು. ಶಾಲು ಸಿಗದವರು ಮಾಡಿಸಿದ್ದೆಂದು ಚಹಾದಂಗಡಿ ಹೇಳಿತು. ಮೂರು ವರ್ಷ ಮುಗಿದಿತ್ತಷ್ಟೇ ಎಂದು ಸಾಹೇಬರು ಹೇಳಿದರು. ಹೋಗುವ ದಿನ ಬೈಕು ಚಾಲೂ ಮಾಡಿ ಮತ್ತೆ ಆರಿಸಿದರು.

"ಏನಪಾ ಅಂದ್ರ, ಈರಣ್ಣ, ಗಟಾರ ಮುಗದ ದಿನ ಅದನ್ನ ನನ್ನ ದನಿಲೆ ಹೇಳ್ತೀಯೇನು? ಅವರು ಕಟ್ಟಿದ್ದು ಆ ದನಿ ಕೇಳಿ."

ಕಡಲೆ ಕೀಳುವ ಹೊತ್ತಿಗೆ ಗಟಾರ ಮುಗಿಯಿತು. ಹೊಸ ಸಾಹೇಬರು ಒಬ್ಬ ಗುತ್ತಿಗೆದಾರನಿಗೆ ಹೇಳಿ ಲಗೂನೆ ಮಾಡಿಸಿದ್ದರು. ನಾನು ಮೈಕು ಹಿಡಿದು, ಕೆಮ್ಮಿ, ಹಳೆಯ ದನಿಯಲ್ಲಿ ಹೇಳಿದೆ. "ಏನಪಾ ಅಂದ್ರ, ಕೆಳಗಿನ ಓಣಿ ಗಟಾರ ಆಗೇತಿ. ಕಟ್ಟಿದವರಿಗೆ ಶರಣು." ಹುಸೇನಬಿ ದೊಡ್ಡವ್ವ ಸೆರಗು ಸರಿಪಡಿಸಿಕೊಂಡು ಲಗುಬಗೆಯಿಂದ ಹೊರಗೆ ಬಂದು ಟಂಟಂ ಒಳಗೆ ಇಣುಕಿದಳು. ನಾನೊಬ್ಬನೇ ಇದ್ದೆ.

"ಹಳೇ ಸಾಹೇಬ್ರಿಗೆ ಫೋನ್ ಹಚ್ಚು" ಎಂದಳು.

ಹಚ್ಚುವಷ್ಟರಲ್ಲಿ ಒಳಗೆ ಹೋಗಿ ಒಂದು ಕೊಡ ನೀರು ತಂದು ಓಣಿಯ ಮೇಲಿನ ತುದಿಯಿಂದ ಗಟಾರಕ್ಕೆ ಸುರಿದಳು. ನೀರು ಹರಿಯಿತು. ಗಂಗವ್ವನ ಮನೆಯ ಮುಂದೆ ಬಂದು ನಿಂತಿತು. ಕಾಲಿನಿಂದ ತಳ್ಳಿದರೂ ಮುಂದೆ ಹೋಗಲೊಲ್ಲದು. ಇಳಿಜಾರು ಉಲ್ಟಾ ಆಗಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದಾಗ ಫೋನಿನಲ್ಲಿ ಸಾಹೇಬರು, "ಹಲೋ, ಹೇಳು ಈರಣ್ಣ" ಎಂದರು. ಅವಳು ಫೋನು ಇಸಿದುಕೊಂಡಳು.

"ಸಾಹೇಬ್ರ, ಗಟಾರ ಆತ್ರಿ. ಭಾಳ ಚಲೋ ಆಗೇತಿ. ಈಗ ನೀರು ಹಾಕಿ ನೋಡಿದೆ. ನನ್ನ ಮನಿಗೆ ಹನಿ ಬರಲಿಲ್ಲರಿ."

ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ನನ್ನದಲ್ಲ. "ಶರಣ್ರಿ ತಾಯಿ" ಎಂದರು.

ಅವಳು ಫೋನು ನನ್ನ ಕೈಗಿತ್ತು, ಗಂಗವ್ವನ ಬಾಗಿಲ ಮುಂದೆ ನಿಂತ ನೀರಿನ ಪಕ್ಕ ಖಾಲಿ ಕೊಡ ಕವುಚಿ ಅದರ ಮೇಲೆ ಕೂತಳು.

"ಹೊಸಾ ಸಾಹೇಬ್ರ ದನಿ ಹ್ಯಾಂಗ ಐತೋ ಈರ್‍ಯಾ?"

"ಇನ್ನೂ ಸರಿಯಾಗಿ ಕೇಳಿಲ್ಲ ದೊಡ್ಡವ್ವಾ."

"ನಡಿ, ಕೇಳೂಣು" ಎಂದು ನನ್ನ ಭುಜ ಹಿಡಿದು ಎದ್ದಳು. "ಮಾತು ನಾ ಆಡತೀನಿ. ನೀ ಹಿಂದ ಸುಮ್ಮ ನಿಂದ್ರು."